ಹೆಡ್‌ಫೋನಿನೊಳಗೆ ಎರಡನೆಯ ಸ್ವರ

ಟ್ರಾಲಿಂಗ್ ಮೀನುಗಾರಿಕೆಗೆ ನಿಷೇಧದ ತಿಂಗಳು. ಶಿರಿಯದ ದೋಣಿಗಳೆಲ್ಲ ದಡ ಹತ್ತಿದ್ದವು. ಬಲೆಯ ಶೆಡ್ಡಿನ ತಗಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಸಂಜೆಗೇ ಕರೆಂಟು ಹೋಗಿತ್ತು. ಬಲೆ ಸರಿಮಾಡಲು ಕೂತವರಲ್ಲಿ ಒಬ್ಬ, ಹೆದರಿಕೆಯ ಕತೆ ಎಂತದಾದರೂ ಉಂಟಾ ಎಂದು ಕೇಳಿದ. ಉಗ್ಗಪ್ಪಜ್ಜ ನೂಲಿನಿಂದ ಕೈ ತೆಗೆಯದೆ ಶುರುಮಾಡಿದರು.

"ಹೆದರಿಕೆ ಆಗ್ತದೋ ಇಲ್ವೋ, ಅದು ನಿಮಗೆ ಬಿಟ್ಟದ್ದು ಮಾರಾಯ್ರೆ... ಇದು ಆದದ್ದು ನನ್ನ ಅಕ್ಕ ಹರಿಣಾಕ್ಷಿಯ ಮನೆಯಲ್ಲಿ, ಮೊಗ್ರಾಲಿನ ನಮಿತಾ ಟೀಚರಿಗೆ. ರಜೆ ಸಿಕ್ಕಿದರೆ ಸಾಕು, ಅಂಗೈಯಷ್ಟು ದೊಡ್ಡ ರೆಕಾರ್ಡರ್ ಹಿಡಿದುಕೊಂಡು ಮುದುಕಿಯರ ಹಾಡು ಹುಡುಕಿಕೊಂಡು ಹೋಗುವ ಹೆಂಗಸು ಅವರು. ನನ್ನ ಅಕ್ಕ ಮತ್ತು ನೆರೆಮನೆಯ ಪ್ರೇಮಾವತಿ ಸಣ್ಣದರಲ್ಲಿ ಹೊಳೆ ದಾಟಿ ಗದ್ದೆಗೆ ಭತ್ತದ ನೇಜಿ ನೆಡಲಿಕ್ಕೆ ಹೋಗ್ತಿದ್ದವರು, ಒಬ್ಬಳು ತುಳು ಪಾಡ್ದನ ಎತ್ತಿದರೆ ಇನ್ನೊಬ್ಬಳು ಹಿಡಿಯುವುದು, ಹಾಗೆ ಅವರ ಹಾಡು. ಆದರೆ ಕೊರೊನದ ವರ್ಷ ಪ್ರೇಮಾವತಿ ಮಂಗಳೂರಿನ ಮಗಳ ಮನೆಯಲ್ಲಿ ತೀರಿಹೋದಳು. ನಾವು ಕೇರಳದ ಬದಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್. ಅಕ್ಕನಿಗೆ ಮುಖ ನೋಡಲಿಕ್ಕೂ ಸಿಗಲಿಲ್ಲ. ಆಮೇಲೆ ಅವಳು ಹಾಡಿದ್ದೇ ಇಲ್ಲ... ಅರ್ಧ ಹಾಡು ಯಾರಿಗೆ ಬೇಕು ಅಂತಿದ್ದಳು.

ಅಷ್ಟರಲ್ಲಿ ಅಕ್ಕನ ಗಂಟಲಲ್ಲಿ ಗಡ್ಡೆ ಆಯಿತು. ಆಪರೇಷನ್ ಆದ ಮೇಲೆ ಸ್ವರ ಉಳಿಯುವುದು ಸಂಶಯ ಅಂತ ಡಾಕ್ಟ್ರು ಹೇಳಿದರು. ಸುದ್ದಿ ಕೇಳಿದ ಟೀಚರ್ ಓಡಿ ಬಂದು, ಈಗ ಹಾಡದಿದ್ದರೆ ಇನ್ನು ಈ ಹಾಡೇ ಇಲ್ಲ ಅಂತ ಕೈ ಹಿಡಿದು ಬೇಡಿದರು. ಅಕ್ಕ ಒಪ್ಪಿದಳು.

ಕ್ಲೀನ್ ರೆಕಾರ್ಡಿಂಗ್ ಅಂದರೆ ಸುಲಭ ಅಂತ ತಿಳಿದಿದ್ದೀರಾ? ಫ್ರಿಜ್ಜು ಬಂದ್, ಫ್ಯಾನು ಬಂದ್, ಮೈಕಿಗೆ ಗಾಳಿ ತಾಗದ ಹಾಗೆ ರೋಮದ ಟೊಪ್ಪಿ, ರೈಲು ದಾಟುವವರೆಗೆ ಕಾಯುವುದು, ಕೂಗುವ ಹುಂಜವನ್ನು ನಾನೇ ಬುಟ್ಟಿಯಡಿ ಹಾಕಿದ್ದು... ಮೊದಲು ಬರೀ ಮೌನವನ್ನು ಹಿಡೀಬೇಕಂತೆ, ಖಾಲಿ ಕೋಣೆಗೂ ಒಂದು ಸದ್ದು ಉಂಟಂತೆ. ನಾವು ಉಸಿರು ಬಿಗಿಹಿಡಿದು ಕೂತೆವು. ಹೆಡ್‌ಫೋನ್ ಹಾಕಿದ್ದ ಟೀಚರಿಗೆ ಮಾತ್ರ ಯಾರೋ ಉಸಿರಾಡುವುದು ಕೇಳಿತು. ಅಕ್ಕನದ್ದಲ್ಲ, ನನ್ನದಲ್ಲ. ಹೊರಗಿನ ಗಾಳಿ ಇರಬೇಕು ಅಂತ ಅವರು ಸುಮ್ಮನಾದರು.

ಅಕ್ಕ ಹಾಡಿದಳು. ನನ್ನ ಕಿವಿಗೆ ಬಿದ್ದದ್ದು ಒಂದೇ ಸ್ವರ. ಟೀಚರ ಕೈಯ ರೋಮ ಯಾಕೆ ಎದ್ದು ನಿಂತಿತು ಅಂತ ನನಗೆ ಆಗ ಹೇಗೆ ಗೊತ್ತಾಗಬೇಕು?

ಹಾಡು ಮುಗಿದ ಮೇಲೆ ಅವರು ಅದನ್ನು ಮೊದಲಿಂದ ಹಾಕಿ ಇನ್ನೊಮ್ಮೆ ಕೇಳಿದರು. ಇನ್ನೊಂದು ಸ್ವರ ಸೇರಿದೆ, ಎಲ್ಲಿಂದ ಅಂತ ಗೊತ್ತಾಗ್ತಿಲ್ಲ, ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅದನ್ನು ತೆಗೆದು ಕ್ಲೀನ್ ಮಾಡ್ತೇನೆ ಅಂದರು. ಅಕ್ಕ ಹೆಡ್‌ಫೋನ್ ಇಸ್ಕೊಂಡು ಕೇಳಿದಳು. ಕೇಳುತ್ತಾ ಕೇಳುತ್ತಾ... ನಕ್ಕಳು.

'ಬಿಳಿ ಕೊಕ್ಕರೆ ಅನ್ನುವಲ್ಲಿ ಕರಿ ಕೊಕ್ಕರೆ ಅಂತಿದ್ದಾಳೆ. ಎಷ್ಟು ತಿದ್ದಿದರೂ ಇಷ್ಟೇ ಅವಳು,' ಅಂದಳು. ಆಮೇಲೆ ಟೀಚರ ಮೊಣಕೈ ಹಿಡಿದು, 'ತೆಗೀಬೇಡ ಮಗಾ. ಒಂದು ಸಲ ಗಡಿಯಲ್ಲಿ ನಿಲ್ಲಿಸಿದ್ದು ಸಾಕು,' ಅಂದಳು.

ಟೀಚರ್ ತೆಗೀಲಿಲ್ಲ. ಹಾಡಿದವರು ಹರಿಣಾಕ್ಷಿ ಮತ್ತು ಪ್ರೇಮಾವತಿ ಅಂತ ಇಬ್ಬರ ಹೆಸರನ್ನೂ ಹಾಕಿದರು.

ಆಪರೇಷನ್ ಆಯಿತು, ಅಕ್ಕ ಉಳಿದಳು, ಸ್ವರ ಹೋಯಿತು. ಈಗ ಬಾಯಿ ತೆರೆದರೆ ಬರೀ ಗಾಳಿ. ಬೇಸರ ಉಂಟಾ ಅಂತ ಕೇಳಿದರೆ ಇಲ್ಲ ಅಂತ ತಲೆ ಆಡಿಸ್ತಾಳೆ, ಚೆನ್ನಾಗಿ ಉಣ್ತಾಳೆ, ನಿದ್ದೆ ಮಾಡ್ತಾಳೆ. ಟೀಚರ್ ಬಂದಾಗೆಲ್ಲ ಹೊಸದಾಗಿ ರೆಕಾರ್ಡ್ ಮಾಡು ಅಂತ ಸನ್ನೆ ಮಾಡಿ, ಜಗಲಿಯಲ್ಲಿ ತುಟಿ ಮುಚ್ಚಿ ಕೂತುಕೊಳ್ತಾಳೆ. ಹೆಡ್‌ಫೋನಿನಲ್ಲಿ ಎರಡು ಸ್ವರವೂ ಬರ್ತದೆ. ಸತ್ತವಳದ್ದು ಇರಲಿ... ಬದುಕಿರುವವಳ ಹೋದ ಸ್ವರ ಎಲ್ಲಿಂದ ಬರ್ತದೆ, ಹೇಳಿ ನೋಡುವ?"

ಮಳೆ ಸ್ವಲ್ಪ ಇಳಿದಿತ್ತು.

"ನಾನೂ ಒಂದು ಸಲ ಹೆಡ್‌ಫೋನ್ ಹಾಕಿ ಕೇಳಿದೆ. ಹಾಡು ಮುಗೀತು. ಆಮೇಲೆ 'ಊಟ ಆಯ್ತಾ ಉಗ್ಗಪ್ಪಾ' ಅಂತ ಕೇಳಿತು. ಅಕ್ಕ ಅಲ್ಲ, ಪ್ರೇಮಾವತಿ. ಆಯ್ತು ಅಂದೆ. ಕೇಳಿದ ಮೇಲೆ ಉತ್ತರ ಕೊಡಬೇಕಲ್ವಾ?" ಅಜ್ಜ ನೂಲನ್ನು ಹಲ್ಲಿನಲ್ಲಿ ಕಡಿದರು. "ಈಗ ದಿನಾ ಕೇಳ್ತಾಳೆ... ಹೆಡ್‌ಫೋನ್ ಎಲ್ಲ ಬೇಕಾಗುವುದಿಲ್ಲ."