ಆರೋಗ್ಯವಂತೆಯ ಎಂಜಲು

ವೇದಿಕೆಯ ನಡುವೆ ಕೂತಿರುವ ಅಧ್ಯಕ್ಷರೇ, ಈ ಆಸ್ಪತ್ರೆಗೆ ಯಂತ್ರ ಕೊಡಿಸಿದ ಮುಖ್ಯ ಅತಿಥಿಗಳೇ, ಅಂದರೆ ನಮ್ಮ ನೂಲಿನ ಗಿರಣಿಯ ಮಾಲೀಕರೇ, ಹಿಂದಿನ ಸಾಲಿನಲ್ಲಿ ಆಗಲೇ ಶಿಳ್ಳೆ ಹಾಕುತ್ತಿರುವ ನಮ್ಮ ಗಿರಣಿ ಕಾರ್ಮಿಕರ ಸಂಘದ ಗೆಳತಿಯರೇ, ಸಭಿಕರೇ,

ಎರಡೇ ಮಾತು ಆಡಬೇಕಂತೆ ನಾನು. ಯಾರಿಗೆ ಹೇಳ್ತಿದ್ದೀರಿ ಸ್ವಾಮಿ? ಇಂದು ಬೆಳಿಗ್ಗೆ ನನ್ನ ಮರುತಪಾಸಣೆಯ ವರದಿ ಬಂದಿದೆ. ಕುತ್ತಿಗೆಯಲ್ಲಿ ಏನೂ ಇಲ್ಲ, ನಾಲಿಗೆ ನನ್ನದೇ! ಇವತ್ತು ಇದನ್ನು ಕಟ್ಟಿಹಾಕಿದರೂ ನಿಲ್ಲುವುದಿಲ್ಲ.

ಸನ್ಮಾನ ನಮ್ಮ ಪ್ರಯೋಗಾಲಯದ ತಂಗಿಗೆ. ಎಂಜಲಿನ ಪ್ರೋಟೀನುಗಳನ್ನು ಅಳೆದು ಬಾಯಿಯ ಕ್ಯಾನ್ಸರಿನ ಸುಳಿವು ಹಿಡಿಯುವವಳು ಇವಳು. ನಾನು ಇವಳ ಬಳಿ ರೋಗಿಯಾಗಿ ಬಂದವಳಲ್ಲ. ನನ್ನ ತಮ್ಮನ ಕೆನ್ನೆಯೊಳಗೆ ಹುಣ್ಣಾಗಿತ್ತು, ಕಿವಿ ಹಿಂಡಿ ಎಳೆತಂದಿದ್ದೆ. ಹೋಲಿಸಿ ನೋಡಲು ಅದೇ ಮನೆಯ ಆರೋಗ್ಯವಂತರ ಎಂಜಲೂ ಬೇಕು ಅಂದಳು. ನನ್ನಂಥ ಆರೋಗ್ಯವಂತೆ ಇನ್ಯಾರು? ಬೀಗುತ್ತಾ ಡಬ್ಬಿಗೆ ಉಗುಳಿದೆ.

ವಾರ ಕಳೆದು ಫೋನು ಬಂತು. "ಅಕ್ಕಾ, ಡಬ್ಬಿ ಅದಲುಬದಲಾಯ್ತಾ ಅಂತ ಮತ್ತೆ ನೋಡಿದೆ. ಇಲ್ಲ. ತಮ್ಮಂದು ಸರಿಯಾಗಿದೆ. ನೀವು ಬನ್ನಿ."

ಅವನ ಹುಣ್ಣು ಚೂಪು ಹಲ್ಲು ತಾಗಿ ಆದದ್ದು. "ಇದ್ರಲ್ಲೂ ನೀನೇ ಫಸ್ಟ್ ಬರ್ಬೇಕಾ ಅಕ್ಕ?" ಅಂದ. ಅಂದವನೇ ಗೋಡೆ ಕಡೆ ತಿರುಗಿ ಅತ್ತುಬಿಟ್ಟ.

ನನ್ನ ನಾಲಿಗೆಯ ಅಂಚಿನಲ್ಲಿ ಸಣ್ಣ ಗಡ್ಡೆ. ಕಚ್ಚಿಕೊಂಡ ಗಾಯ ಅಂದುಕೊಂಡಿದ್ದೆ. ಸ್ಕ್ಯಾನಿನಲ್ಲಿ ಕುತ್ತಿಗೆ ಸ್ವಚ್ಛ. ಆದರೆ ಗಡ್ಡೆಯ ಚೂರಿನಲ್ಲಿದ್ದ ಪ್ರೋಟೀನುಗಳು ಬೇರೆಯೇ ಹೇಳಿದವು: ಇದು ಹರಡುವ ಪೈಕಿ.

"ಭವಿಷ್ಯ ಹೇಳ್ತೀಯೇನೇ?" ಅಂದೆ.

"ಇಲ್ಲಕ್ಕ, ಸಾಧ್ಯತೆ ಹೇಳ್ತೀನಿ. ಕಾಯೋದು ಬೇಡ."

ಆಪರೇಷನ್ನಿನಲ್ಲಿ ನಾಲಿಗೆಯ ಅಂಚು ಹೋಯಿತು. ರೋಗ ಮೊದಲು ನುಗ್ಗುವ ಜಾಗ ಅಂತ ಕುತ್ತಿಗೆಯ ಗ್ರಂಥಿಗಳೂ ಹೋದವು. ಅವುಗಳಲ್ಲಿ ಒಂದರೊಳಗೆ, ಸ್ಕ್ಯಾನಿನ ಕಣ್ಣಿಗೂ ಬೀಳದಂತೆ, ಕಳ್ಳ ಕೂತಿದ್ದ! ತಡ ಮಾಡಿದ್ದರೆ? ನಾಲಿಗೆಯಿಲ್ಲದೆ ಘೋಷಣೆ ಕೂಗುವುದು ಹೇಗೆ? ವಾರ್ಡಿನಲ್ಲಿ ಮುಸುಕೆಳೆದುಕೊಂಡು "ಬೇಕೇ ಬೇಕು" ಅಂತ ಪಿಸುಗುಟ್ಟಿ ನೋಡುತ್ತಿದ್ದೆ. ಬರೀ ಗಾಳಿ ಬರುತ್ತಿತ್ತು... ಇದನ್ನು ಹೇಳಬಾರದು ಅಂದುಕೊಂಡಿದ್ದೆ. ಇರಲಿ ಬಿಡಿ.

ಮಾಲೀಕರೇ, ಯಂತ್ರ ಕೊಟ್ಟಿರಿ, ಚಪ್ಪಾಳೆ! ಅದು ಪ್ರೋಟೀನು ಅಳೆಯುತ್ತದೆ. ನಮ್ಮ ಹಸಿವನ್ನು ಯಾವ ಯಂತ್ರ ಅಳೆಯುತ್ತದೆ? ನಿಮ್ಮ ಗಿರಣಿಯಲ್ಲಿ ಊಟಕ್ಕೆ ಬಿಡುವಿಲ್ಲ. ಹೊಟ್ಟೆಯ ಬಾಯಿ ಮುಚ್ಚಿಸಲು ನಾವು ದವಡೆಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಳ್ಳುತ್ತೇವೆ. ನೂಲು ನಿಮಗೆ, ಗಡ್ಡೆ ನಮಗೆ. ಇದು ಯಾವ ಹಂಚಿಕೆ? ನಗಬೇಡಿ ಅಧ್ಯಕ್ಷರೇ, ನಿಮ್ಮ ಎಡಗೆನ್ನೆಯೂ ಉಬ್ಬಿದೆ!

ಗೆಳತಿಯರೇ, ಬಾಗಿಲಲ್ಲಿ ತಂಗಿಯ ಡಬ್ಬಿಗಳಿವೆ. ಆರೋಗ್ಯವಂತರೆಂದು ಬೀಗುವವರೇ ಮೊದಲು ಉಗುಳಿ. ಅಧ್ಯಕ್ಷರಿಗೆ ದಾರಿ ಬಿಡಿ.

"ಸ" ಅಕ್ಷರ ಇನ್ನೂ ಜಾರುತ್ತದೆ ನನಗೆ. ಅದಕ್ಕೇನಂತೆ, ನಮ್ಮ ಬೇಡಿಕೆಯಲ್ಲಿ "ಸ" ಇಲ್ಲ. ಕೇಳಿಸಿಕೊಳ್ಳಿ ಮಾಲೀಕರೇ: ಊಟದ ಬಿಡುವು, ಬೇಕೇ ಬೇಕು! ಹಿಂದಿನ ಸಾಲು, ಏನು ಗಂಟಲು ಕಟ್ಟಿತೇ? ಬೇಕೇ ಬೇಕು!

ಆಹಾ. ಕೇಳಿದೆಯಾ ತಂಗಿ? ಇದು ನೀನು ಉಳಿಸಿದ್ದು. ಕಿವಿಗೊಟ್ಟವರಿಗೂ ಕಿವಿ ಮುಚ್ಚಿಕೊಂಡವರಿಗೂ ವಂದನೆ. ನಮಸ್ಕಾರ!