ಒಂಬತ್ತನೇ ಪ್ರಶ್ನೆ

ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಗುರುತಿಲ್ಲದ ಅಕ್ಕ ತಂಗಿ ಇಬ್ಬರು ಕೂತಿದ್ದರು. ಅಕ್ಕನ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರಿಂದ, ನರ್ಸಮ್ಮ ಕೊಟ್ಟುಹೋದ ಪ್ರಶ್ನೆಗಳ ಹಾಳೆಯನ್ನು ತಂಗಿ ತುಂಬುತ್ತಿದ್ದಳು.

“ನಿದ್ದೆ ಬರುತ್ತಾ ಅಂತ ಕೇಳಿದಾರೆ.”

“ಚೆನ್ನಾಗಿ ಬರುತ್ತೆ ಅಂತ ಹಾಕು.”

“ಮೂರು ದಿನದಿಂದ ಗೂಬೆ ಥರ ಕೂತಿದೀಯಲ್ಲೇ.”

“ಹಾಕೇ. ಹೆದರಿದಾಳೆ ಅಂತ ಗೊತ್ತಾದ್ರೆ ಡಾಕ್ಟ್ರು ಆಪರೇಷನ್ ಮುಂದಕ್ಕೆ ಹಾಕ್ತಾರೆ. ಇನ್ನೊಂದು ಸಲ ಇಲ್ಲಿತನಕ ಬರೋ ಧೈರ್ಯ ನನಗಿಲ್ಲ.”

“ಒಂಬತ್ತನೇದು. ಭಯ ಆದ್ರೆ ಯಾರ ಹತ್ರನಾದ್ರೂ ಹೇಳ್ಕೋತೀರಾ?”

“ಭಯಾನೇ ಇಲ್ಲದೋಳು ಯಾರಿಗೆ ಹೇಳ್ಲಿ? ಇಲ್ಲ ಅಂತ ಹಾಕು.”

ನರ್ಸಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬಂದು ಹಾಳೆಯ ಮೇಲೆ ಕಣ್ಣಾಡಿಸಿದಳು.

“ಅಮ್ಮಾ, ಇದು ಡಾಕ್ಟ್ರಿಗೆ ಹೋಗಲ್ಲ. ಕಾಯಿಲೆ ಬಂದೋರು ಭಯಾನ ಹೇಗೆ ತಡ್ಕೋತಾರೆ ಅಂತ ನಾನೇ ಅಧ್ಯಯನ ಮಾಡ್ತಿದೀನಿ. ಇದರಲ್ಲಿ ನಿಮ್ಮ ಹೆಸರೂ ಇಲ್ಲ.”

ಕುರ್ಚಿಗೆ ದಾಟಿ ಕೂತ ಅಕ್ಕ ತಂಗಿಯ ಮೊಣಕೈಯನ್ನು ಬಿಡಲೇ ಇಲ್ಲ.

“ಕೈಕಾಲೆಲ್ಲ ತಣ್ಣಗಾಗಿದೆ ಕಣೇ. ಎದ್ದು ಬರ್ತೀನೋ ಇಲ್ವೋ ಅಂತ ಭಯ.”

“ಹಾಗಾದ್ರೆ ಬರೆದಿದ್ದೆಲ್ಲ ಹೊಡೆದು ಹಾಕ್ಲಾ ಅಕ್ಕಾ?”

ಕುರ್ಚಿ ಬಾಗಿಲು ದಾಟುವಾಗ ಅಕ್ಕ ಕತ್ತು ಹೊರಳಿಸಿದಳು.

“ಒಂಬತ್ತನೇದನ್ನ ಮೊದಲು ತಿದ್ದು. ಈಗ ನಿನಗೆ ಹೇಳಿದೆನಲ್ಲ.”