ಫ್ರಿಜ್ ಮೇಲಿನ ಗುರಿಹಾಳೆ

ಮೊಂಟಾನಾದ ಶೂಟಿಂಗ್ ಕ್ಲಬ್ಬಿನ ಕಾಫಿ ಸಾಲಿನಲ್ಲಿ ಹೊಸ ಸದಸ್ಯೆ ನೋರೀನಳ ಮುಂದೆ ನಿಂತಿದ್ದ ಎಲ್ಡನ್, ಗೆಳೆಯ ವಾಲ್ಟನ ಹತ್ತಿರ ರೇಗಾಡುತ್ತಿದ್ದ.

“ಮೂರು ತಿಂಗಳಿಂದ ಒಂದೊಂದು ರೈಫಲ್ ತೋಟಾಕ್ಕೂ ನಾನೇ ಮದ್ದು ತೂಗಿ ತೂಗಿ ತುಂಬ್ತಿದೀನಿ ಮಾರಾಯ. ಆದ್ರೂ ಗುಂಡು ಎಲ್ಲೆಲ್ಲೋ ಬೀಳ್ತವೆ!”

“ಮದ್ದಿನ ಅಳತೆ ಬದಲಾಯಿಸು.”

“ಯಾಕೆ? ಇದೇ ಅಳತೆಗೆ ಐದು ಗುಂಡು ಒಂದೇ ತೂತಲ್ಲಿ ಹೋಗಿದ್ವು. ಆ ಗುರಿಹಾಳೆ ಫ್ರಿಜ್ ಮೇಲೇ ಅಂಟಿಸಿದೀನಿ, ನೋಡಿಲ್ವಾ?”

“ನೋಡಿದೀನಿ. ಅವತ್ತು ನಿನ್ನ ರೈಫಲ್ ರಿಪೇರಿಗೆ ಹೋಗಿತ್ತು. ನೀನು ಹೊಡೆದಿದ್ದು ನನ್ನದ್ರಲ್ಲಿ.”

ಒಂದು ರೈಫಲ್ಲಿನ ನಳಿಕೆಗೆ ಒಗ್ಗಿದ ಮದ್ದಿನ ಅಳತೆ ಇನ್ನೊಂದಕ್ಕೆ ಒಗ್ಗುವುದಿಲ್ಲವೆಂದು ನೋರೀನಳಿಗೂ ಗೊತ್ತಿತ್ತು.

“ಇದನ್ನ ಈಗ ಹೇಳ್ತೀಯಲ್ಲೋ! ನಾಳೆ ಪಂದ್ಯ!”

ಎಲ್ಡನ್ ಕಾಫಿ ಬಿಟ್ಟು ಹೊರಟವನು ಬಾಗಿಲಲ್ಲಿ ತಿರುಗಿದ. “ಹಾಗಾದ್ರೆ ನಾಳೆ ನಿನ್ನ ರೈಫಲ್ ಕೊಡು.”

“ಹೇಗೆ ಕೊಡ್ಲಿ?” ವಾಲ್ಟ್ ಅವನ ಹಿಂದೆಯೇ ನಡೆದ. “ನಾಳೆ ನಾನೂ ಇದೀನಲ್ಲ ಪಂದ್ಯದಲ್ಲಿ.”